ಜಕ್ಕೂರು ಕೆರೆ, ಬಿವಾ ಸರೋವರ ಮತ್ತು 4.43

ಜೂನಿಯರ್‌ಗಳು ಕ್ಯಾಂಟೀನ್‌ನಲ್ಲಿ ಸಿಕ್ಕಾಗಲೆಲ್ಲ ಒಂದೇ ಪ್ರಶ್ನೆ. ‘ಅಕ್ಕಾ, ಆ ಜಪಾನ್ ಪ್ರಾಜೆಕ್ಟ್‌ನಲ್ಲಿ ಏನೇನ್ ಮಾಡಿದ್ರಿ? ಜಪಾನ್‌ಗೆ ಹೋಗಿದ್ರಾ?’ ಹೋಗಲಿಲ್ಲ ಮಾರಾಯ್ರೇ. ಎಲ್ಲವೂ ಆನ್‌ಲೈನ್. ಆ ಪ್ರಾಜೆಕ್ಟ್‌ಗಾಗಿ ನಾನು ಹೋದ ಅತಿ ದೂರದ ಜಾಗ ನಮ್ಮ ಬೆಂಗಳೂರಿನದೇ ಎಸ್‌.ಪಿ. ರೋಡ್, ಅದೂ ನೀರಿನಲ್ಲಿ ಕರಗಿದ ಲವಣ ಎಷ್ಟಿದೆ ಅಂತ ತೋರಿಸುವ ಒಂದು ಟಿಡಿಎಸ್ ಮೀಟರ್ ತರೋಕೆ. ಪ್ರತಿ ಸಲ ಅರ್ಧಂಬರ್ಧ ಹೇಳಿ ಕ್ಲಾಸಿಗೆ ಓಡುವ ಬದಲು ಪೂರ್ತಿ ಬರೆದುಬಿಡೋಣ ಅಂತ ಕೂತಿದ್ದೇನೆ. ಎಡವಟ್ಟುಗಳ ಸಮೇತ, ಯಾಕೆಂದರೆ ಅವೇ ಜಾಸ್ತಿ.

ನಾನು ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಫಸ್ಟ್ ಪಿಯುಸಿ ಸೈನ್ಸ್‌ಗೆ ಸೇರಿದ ಮೊದಲ ತಿಂಗಳು ‘ದ್ರಾವಣ’ವೆಲ್ಲ ‘ಸಲ್ಯೂಷನ್’ ಆಗುವುದನ್ನು ನೋಡುತ್ತಾ ಕಳೆದಿದ್ದೆ. ಜೂನ್ ಕೊನೆಗೆ ಕೆಮಿಸ್ಟ್ರಿ ಮೇಡಂ ಕ್ಲಾಸಿಗೆ ಬಂದು, ಜಪಾನಿನ ಒಂದು ಹೈಸ್ಕೂಲಿನವರು ನಮ್ಮ ಜೊತೆ ಸೇರಿ ನೀರಿನ ಮೇಲೆ ಸಂಶೋಧನೆ ಮಾಡುತ್ತಾರಂತೆ, ನಾಲ್ಕು ಜನ ಬೇಕು ಅಂದರು. ಅಲ್ಲಿನ ಶಿಕ್ಷಣ ಸಚಿವಾಲಯ 2002ರಿಂದ ‘ಸೂಪರ್ ಸೈನ್ಸ್ ಹೈಸ್ಕೂಲ್’ ಅಂತ ಒಂದು ಯೋಜನೆ ನಡೆಸುತ್ತಿದೆ. ಆಯ್ದ ಶಾಲೆಗಳಿಗೆ ದುಡ್ಡು ಕೊಟ್ಟು ಮಕ್ಕಳ ಕೈಯಲ್ಲಿ ಸಂಶೋಧನೆ ಮಾಡಿಸುತ್ತಾರೆ, ಹೊರದೇಶದ ಶಾಲೆಗಳ ಜೊತೆ ಕೆಲಸ ಮಾಡುವುದೂ ಅದರಲ್ಲಿ ಸೇರಿದೆ. ಮೇಡಂಗೆ ಯಾವುದೋ ಶಿಕ್ಷಕರ ಆನ್‌ಲೈನ್ ಸಭೆಯಲ್ಲಿ ಅವರ ಪರಿಚಯವಾಗಿತ್ತು. ಅಷ್ಟೇ. ದೊಡ್ಡ ಆಯ್ಕೆ ಪರೀಕ್ಷೆ ಏನೂ ಇರಲಿಲ್ಲ. ಕೈ ಎತ್ತಿದವರು ಐದು ಜನ, ಒಬ್ಬನಿಗೆ ನೀಟ್ ಕೋಚಿಂಗ್ ಇತ್ತು, ಉಳಿದವರು ನಾಲ್ವರು.

ಮನೆಯಲ್ಲಿ ಅಮ್ಮ ಕೇಳಿದಳು, ‘ಇದರಿಂದ ಸಿಇಟಿಗೆ ಮಾರ್ಕ್ಸ್ ಬರುತ್ತಾ?’ ಇಲ್ಲ ಅಂದೆ. ‘ಮತ್ಯಾಕೆ?’ ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ತಾತ ಪೇಪರ್ ಮಡಚಿಟ್ಟು, ‘ಕೆರೆ ಕಡೆ ಹೋಗ್ತಾಳೆ ತಾನೇ, ಹೋಗ್ಲಿ ಬಿಡು’ ಅಂದರು. ತಾತ ಹುಟ್ಟಿದ್ದು ಜಕ್ಕೂರಿನಲ್ಲೇ. ಕೆರೆ ಅಂದರೆ ಅವರಿಗೆ ಸ್ವಂತ ಆಸ್ತಿ ಇದ್ದ ಹಾಗೆ. ಒಪ್ಪಿಗೆ ಪತ್ರಕ್ಕೆ ಅಮ್ಮನ ಸಹಿ ಬಿತ್ತು. ಆ ಪತ್ರದಲ್ಲಿ ಫೋಟೊ, ವಿಡಿಯೊ ರೆಕಾರ್ಡಿಂಗ್‌ಗೆ ಒಪ್ಪಿಗೆ ಇದೆಯಾ, ಫೋನ್ ನಂಬರ್ ಹಂಚಿಕೊಳ್ಳುವಂತಿಲ್ಲ, ಮೇಲ್‌ಗಳಲ್ಲಿ ಎರಡೂ ಕಡೆಯ ಟೀಚರ್ ಇರಬೇಕು ಅಂತೆಲ್ಲ ಇತ್ತು. ಆಗ ಸುಮ್ನೆ ಕಿರಿಕಿರಿ ಅನ್ನಿಸಿತ್ತು. ಅದೆಲ್ಲ ಬರವಣಿಗೆಯಲ್ಲಿ ಇದ್ದದ್ದು ಎಷ್ಟು ಉಪಯೋಗಕ್ಕೆ ಬಂತು ಅಂತ ಆಮೇಲೆ ಗೊತ್ತಾಯಿತು.

ಮೊದಲ ಕಾಲ್‌ಗೇ ನಾವು ಅರ್ಧ ಗಂಟೆ ಲೇಟ್. ಅವರು ತಮ್ಮ ಸಂಜೆ 4 ಗಂಟೆಗೆ ಅಂತ ಬರೆದಿದ್ದರು. ಜಪಾನ್ ನಮಗಿಂತ 3 ಗಂಟೆ ಮುಂದೆ ಅಂತ ನಮ್ಮಲ್ಲೊಬ್ಬ ಲೆಕ್ಕ ಹಾಕಿ 1 ಗಂಟೆಗೆ ಎಲ್ಲರನ್ನೂ ಲ್ಯಾಬಿಗೆ ಬರಹೇಳಿದ. ನಿಜವಾದ ಅಂತರ ಮೂರೂವರೆ ಗಂಟೆ. ನಾವು ಲಿಂಕ್ ಒತ್ತಿದಾಗ ಪರದೆ ಮೇಲೆ ಐದು ಜನ, ಯೂನಿಫಾರ್ಮ್ ಹಾಕಿಕೊಂಡು, ನೆಟ್ಟಗೆ ಕೂತು, ಕ್ಯಾಮೆರಾ ಆನ್ ಮಾಡಿಕೊಂಡು ಕಾಯುತ್ತಿದ್ದರು. ಮೂವತ್ತು ನಿಮಿಷ! ನಾಚಿಕೆಯಿಂದ ಯಾರಿಗೂ ಮಾತೇ ಹೊರಡಲಿಲ್ಲ. ಆಮೇಲೆ ನಾಲ್ವರೂ ಒಟ್ಟಿಗೆ ಸಾರಿ ಹೇಳಿದೆವು, ಅದೂ ಗಲಾಟೆಯ ಥರ ಕೇಳಿಸಿರಬೇಕು. ಅವತ್ತೇ ತೀರ್ಮಾನವಾಯಿತು: ಶನಿವಾರ, ನಮಗೆ ಮಧ್ಯಾಹ್ನ 12.30, ಅವರಿಗೆ 4. ಮೇಲ್‌ನಲ್ಲಿ ಯಾವಾಗಲೂ ಎರಡೂ ಟೈಮ್ ಬರೆಯುವುದು. ನಮಗೆ ಶನಿವಾರ ಅರ್ಧ ದಿನ ಇದ್ದದ್ದರಿಂದ ಬಚಾವ್.

ಮಾತು ಕುದುರಲು ಸುಮಾರು ಒಂದೂವರೆ ತಿಂಗಳು ಹಿಡಿಯಿತು. ಅವರಿಗೂ ಇಂಗ್ಲಿಷ್ ಪರಭಾಷೆ, ನನಗೂ ಪರಭಾಷೆ. ಅವರು ಪ್ರಶ್ನೆ ಕೇಳಿಸಿಕೊಂಡು, ತಮ್ಮೊಳಗೆ ಮಾತಾಡಿಕೊಂಡು, ಕಾಗದದ ಮೇಲೆ ಬರೆದುಕೊಂಡು ಆಮೇಲೆ ಉತ್ತರ ಕೊಡುತ್ತಿದ್ದರು. ಆ ಮೌನವನ್ನು ತಡೆದುಕೊಳ್ಳಲು ನಮ್ಮ ಕೈಲಿ ಆಗುತ್ತಿರಲಿಲ್ಲ. ನೆಟ್ ಕೈಕೊಟ್ಟಿದೆ ಅಂದುಕೊಂಡು ‘ಹಲೋ, ಹಲೋ’ ಅಂತಿದ್ದೆವು. ಕೊನೆಗೆ ಇಬ್ಬರೂ ಪ್ರಶ್ನೆಗಳನ್ನು ಗುರುವಾರವೇ ಬರೆದು ಕಳಿಸುವುದು ಅಂತ ಮಾಡಿಕೊಂಡ ಮೇಲೆ ಸಲೀಸಾಯಿತು. ನನಗಂತೂ ಅದು ವರ. ರಫ್ ಬುಕ್‌ನಲ್ಲಿ ಮೊದಲು ಕನ್ನಡದಲ್ಲೇ ಬರೆದುಕೊಂಡು ಆಮೇಲೆ ಇಂಗ್ಲಿಷ್ ಮಾಡುತ್ತಿದ್ದೆ. ಗ್ರಾಮರ್ ಸರಿ ಇಲ್ಲದಿದ್ದರೂ ಯಾರೂ ನಗಲಿಲ್ಲ, ಅವರ ಗ್ರಾಮರೂ ಹಾಗೇ ಇತ್ತು.

ಇನ್ನು ವಿಷಯ. ಅವರ ಶಾಲೆ ಇರುವುದು ಶಿಗಾ ಪ್ರಾಂತ್ಯದಲ್ಲಿ, ಬಿವಾ ಸರೋವರದ ಪಕ್ಕ. ಜಪಾನಿನ ಅತಿ ದೊಡ್ಡ ಸರೋವರ ಅದು, ಸುಮಾರು 670 ಚದರ ಕಿಲೋಮೀಟರ್, ಆಳ ಇರುವ ಕಡೆ 100 ಮೀಟರ್ ದಾಟುತ್ತದೆ. ನಮ್ಮ ಜಕ್ಕೂರು ಕೆರೆ ಸುಮಾರು 160 ಎಕರೆ. ಲೆಕ್ಕ ಹಾಕಿದರೆ ನಮ್ಮಂಥ ಸಾವಿರ ಕೆರೆ ಅದರೊಳಗೆ ಹಿಡಿಯುತ್ತವೆ. ಅದು ಲಕ್ಷಾಂತರ ವರ್ಷಗಳ ಹಿಂದೆ ತಾನಾಗಿ ಆದದ್ದು, ಇದು ಊರಿನವರು ಏರಿ ಹಾಕಿ ಕಟ್ಟಿಕೊಂಡದ್ದು. ಇವೆರಡನ್ನು ಹೋಲಿಸುವುದು ಸರೀನಾ ಅಂತ ನಾನೇ ಕೇಳಿದ್ದೆ. ಎರಡಕ್ಕೂ ಒಂದು ಸಾಮ್ಯ ಇತ್ತು, ಜೊಂಡು. ಜಕ್ಕೂರಿನಲ್ಲಿ ಮೇಲ್ಗಡೆ ಒಂದು ಕೊಳಚೆ ನೀರು ಶುದ್ಧೀಕರಣ ಘಟಕ ಇದೆ, ದಿನಕ್ಕೆ 1 ಕೋಟಿ ಲೀಟರ್ ಸಾಮರ್ಥ್ಯದಿಂದ ಶುರುವಾದದ್ದು. ಅಲ್ಲಿಂದ ಬಿಟ್ಟ ನೀರು ಸೀದಾ ಕೆರೆಗೆ ಬೀಳದೆ ಜೊಂಡು ಬೆಳೆದ ಜವುಗಿನೊಳಗೆ ನಿಧಾನಕ್ಕೆ ಹರಿದು ಬರುತ್ತದೆ. ಜೊಂಡು ಮತ್ತು ಅದರ ಬುಡದ ಕೆಸರು ನೀರನ್ನು ಇನ್ನಷ್ಟು ಸೋಸುತ್ತವೆ. ಐಐಎಸ್‌ಸಿಯ ಟಿ.ವಿ. ರಾಮಚಂದ್ರ ಅವರ ತಂಡ, ಪರಿಸರದ ಅಧ್ಯಯನ ಮಾಡುವ ಏಟ್ರೀ ಸಂಸ್ಥೆಯ ಸಂಶೋಧಕರು ಎಲ್ಲ ಇದರ ಬಗ್ಗೆ ಕೆಲಸ ಮಾಡಿದ್ದಾರೆ. ಬಿವಾ ದಡದಲ್ಲೂ ಜೊಂಡು, ಅದಕ್ಕೆ ಅವರು ಯೋಶಿ ಅನ್ನುತ್ತಾರೆ. ಅದನ್ನು ಉಳಿಸಲು ಶಿಗಾದಲ್ಲಿ 1992ರಲ್ಲೇ ಒಂದು ಕಾನೂನು ಮಾಡಿದ್ದಾರಂತೆ. ಬರೀ ಜೊಂಡಿಗೆ ಅಂತ ಕಾನೂನು! ನಮ್ಮ ಕಡೆ ಅದನ್ನು ನೋಡಿದವರು ‘ಇದೇನ್ರೀ ಕೆರೆ ಕ್ಲೀನೇ ಮಾಡ್ಸಲ್ಲ’ ಅನ್ನುತ್ತಾರೆ.

ಹಾಗಾಗಿ ಪ್ರಶ್ನೆ ಸರಳವಾಗಿತ್ತು. ಜೊಂಡಿಗೆ ಮುಂಚೆ ನೀರು ಹೇಗಿದೆ, ದಾಟಿದ ಮೇಲೆ ಹೇಗಿದೆ. ಅಳೆಯುವುದು ನೈಟ್ರೇಟ್ (ಕೊಳಚೆ, ಗೊಬ್ಬರದಿಂದ ನೀರಿಗೆ ಸೇರುವಂಥದ್ದು), ಕರಗಿದ ಆಮ್ಲಜನಕ, ಪಿಎಚ್ (ನೀರು ಆಮ್ಲವೋ ಕ್ಷಾರವೋ ಅಂತ), ಮತ್ತೆ ನೀರು ಎಷ್ಟು ತಿಳಿಯಾಗಿದೆ ಅಂತ.

ಕೊನೆಯದಕ್ಕೆ ಬೇಕಾದ್ದು ಸೆಕ್ಕಿ ತಟ್ಟೆ. 1865ರಲ್ಲಿ ಆಂಜೆಲೊ ಸೆಕ್ಕಿ ಅನ್ನುವ ಇಟಲಿಯ ಪಾದ್ರಿ ವಿಜ್ಞಾನಿ ಬಳಸಿದ ಉಪಾಯ. ತಟ್ಟೆಗೆ ಹಗ್ಗ ಕಟ್ಟಿ ನೀರಿಗೆ ಇಳಿಸಬೇಕು, ಯಾವ ಆಳದಲ್ಲಿ ಕಣ್ಣಿಗೆ ಕಾಣದೆ ಹೋಗುತ್ತದೆ ಅಂತ ನೋಡಬೇಕು. ಕೊಂಡರೆ ದುಬಾರಿ. ಅಮ್ಮನ ಸ್ಟೀಲ್ ತಟ್ಟೆ ಒಂದಕ್ಕೆ ತೂತು ಕೊರೆಸಿ, ಕಪ್ಪು ಬಿಳಿ ಪೇಂಟ್ ಹೊಡೆದು, ಕೆಳಗೆ ತೂಕಕ್ಕೆ ಒಂದು ದೊಡ್ಡ ನಟ್ಟು ಕಟ್ಟಿದೆವು. ಅಮ್ಮನನ್ನು ಕೇಳಿರಲಿಲ್ಲ. ಬಿವಾದ ಜೆಟ್ಟಿಯಲ್ಲಿ ಅವರ ತಟ್ಟೆ 2 ಮೀಟರ್‌ವರೆಗೆ ಕಂಡಿತು. ಜಕ್ಕೂರಿನಲ್ಲಿ ನಮ್ಮದು 35 ಸೆಂಟಿಮೀಟರ್‌ಗೆ ಮಾಯ.

ನೀರು ತೆಗೆಯಲು ಅನುಮತಿ ಬೇಕಿತ್ತು. ಪತ್ರ ಹಿಡಿದು ಒಂದು ಕಚೇರಿಗೆ ಮೂರು ಸಲ ಹೋದೆವು, ನಾಲ್ಕನೇ ಸಲ ಕಾಲೇಜಿನ ಲೆಟರ್‌ಹೆಡ್‌ನಲ್ಲಿ ಪ್ರಿನ್ಸಿಪಾಲರ ಸಹಿ ಇದ್ದದ್ದಕ್ಕೆ ಸಿಕ್ಕಿತು. ಅಷ್ಟರಲ್ಲಿ ಜುಲೈ ಮುಗಿದಿತ್ತು. ಇದನ್ನು ಓದುತ್ತಿರುವ ಜೂನಿಯರ್‌ಗಳು ಆ ಪತ್ರವನ್ನು ಮೊದಲ ವಾರವೇ ಮಾಡಿಸಿಕೊಳ್ಳಿ.

ಆಗಸ್ಟ್‌ನಿಂದ ಎರಡು ವಾರಕ್ಕೊಮ್ಮೆ, ಭಾನುವಾರ ಬೆಳಗ್ಗೆ ಆರೂವರೆಗೆ ಕೆರೆ ಏರಿ ಮೇಲೆ. ಲ್ಯಾಬ್ ಸರ್ ಜೊತೆಗೆ ಇರುತ್ತಿದ್ದರು, ನೀರಿಗೆ ಇಳಿಯುವಂತಿಲ್ಲ ಅಂತ ಮೇಡಂ ಕಟ್ಟಪ್ಪಣೆ. ಆ ಹೊತ್ತಿನ ಕೆರೆ ಅಂದರೆ ನನಗೆ ಪ್ರಾಣ. ಹೆಜ್ಜಾರ್ಲೆಗಳು ದೊಡ್ಡ ದೊಡ್ಡ ದೋಣಿಗಳ ಹಾಗೆ ತೇಲುತ್ತಿರುತ್ತವೆ, ನೀರುಕಾಗೆಗಳು ರೆಕ್ಕೆ ಒಣಗಿಸಿಕೊಳ್ಳುತ್ತಿರುತ್ತವೆ, ವಾಕಿಂಗ್ ಬಂದವರೆಲ್ಲ ನಮ್ಮ ಬಾಟಲಿಗಳನ್ನು ನೋಡಿ ‘ಏನ್ ಪರೀಕ್ಷೆ? ಕುಡಿಯೋಕ್ ಆಗುತ್ತಾ?’ ಅಂತ ನಿಂತುಬಿಡುತ್ತಾರೆ. ಒಬ್ಬ ಅಂಕಲ್ ಅಂತೂ ಪ್ರತಿ ಸಲ ಬಂದು ರಿಸಲ್ಟ್ ಕೇಳಿಕೊಂಡು ಹೋಗುತ್ತಿದ್ದರು.

ಆಮ್ಲಜನಕಕ್ಕೆ ವಿಂಕ್ಲರ್ ವಿಧಾನ. ಗುಳ್ಳೆ ಬಾರದ ಹಾಗೆ ಬಾಟಲಿ ತುಂಬಿ, ಅಲ್ಲೇ ದಡದಲ್ಲೇ ಮ್ಯಾಂಗನೀಸ್ ಸಲ್ಫೇಟ್, ಆಮೇಲೆ ಕ್ಷಾರ ಬೆರೆಸಿದ ಅಯೊಡೈಡ್ ಹಾಕಬೇಕು. ಆಮ್ಲಜನಕ ಜಾಸ್ತಿ ಇದ್ದರೆ ಗಟ್ಟಿ ಡಿಕಾಕ್ಷನ್ ಬಣ್ಣದ ಗಸಿ ಕೂರುತ್ತದೆ, ಕಮ್ಮಿ ಇದ್ದರೆ ಹಾಲು ಜಾಸ್ತಿಯಾದ ಕಾಫಿ. ಉಳಿದದ್ದು ಲ್ಯಾಬಿನಲ್ಲಿ: ಆಸಿಡ್ ಹಾಕಿ, ಗಂಜಿ ಹಾಕಿ, ಥಯೊಸಲ್ಫೇಟ್ ಹನಿ ಹನಿ ಬಿಡುತ್ತಾ ನೀಲಿ ಬಣ್ಣ ಹೋಗುವ ತನಕ ಉಸಿರು ಬಿಗಿಹಿಡಿದು ನಿಲ್ಲುವುದು. ನಮಗೆ ಬೆಳಗ್ಗೆ ಸಿಗುತ್ತಿದ್ದದ್ದು ಲೀಟರ್‌ಗೆ 2 ಮಿಲಿಗ್ರಾಂ ಆಸುಪಾಸು. ಅವರದ್ದು 9. ಅಯ್ಯೋ ನಮ್ಮ ಕೆರೆ ಸತ್ತೇ ಹೋಗಿದೆ ಅಂದುಕೊಂಡೆವು.

ಆಗ ಆ ಕಡೆಯ ಒಬ್ಬ ಹುಡುಗಿ, ಮಾತು ಕಮ್ಮಿ, ಯಾವಾಗಲೂ ನೋಟ್ಸ್ ಬರೆಯುತ್ತಿದ್ದವಳು, ಒಂದೇ ಪ್ರಶ್ನೆ ಹಾಕಿದಳು. ನೀವು ಎಷ್ಟು ಗಂಟೆಗೆ ನೀರು ತೆಗೆಯುತ್ತೀರಿ? ಅವರು ಸ್ಕೂಲು ಬಿಟ್ಟ ಮೇಲೆ ಸಂಜೆ ನಾಲ್ಕಕ್ಕೆ ತೆಗೆಯುತ್ತಿದ್ದರು. ನಾವು ಬೆಳಗ್ಗೆ. ಪಾಚಿ ಜಾಸ್ತಿ ಇರುವ ನೀರಿನಲ್ಲಿ ಹಗಲೆಲ್ಲ ಆಮ್ಲಜನಕ ಏರುತ್ತದೆ, ರಾತ್ರಿ ಬೆಳಕಿಲ್ಲದೆ ಪಾಚಿಯೂ ಸೇರಿ ಎಲ್ಲವೂ ಅದನ್ನು ಉಸಿರಾಡಿ ಖಾಲಿ ಮಾಡುತ್ತವೆ, ಬೆಳಗಿನ ಜಾವಕ್ಕೆ ತಳಮಟ್ಟ. ಇದು ಪುಸ್ತಕದಲ್ಲೂ ಇದೆ, ಕೆರೆಯಲ್ಲೂ ಇದೆ. ಮಾರನೇ ಸಲ ಹೋದಾಗ ತೆಪ್ಪದಲ್ಲಿ ಬಲೆ ಎಳೆಯುತ್ತಿದ್ದ ಅಣ್ಣನಿಗೆ ಹೇಳಿದರೆ, ‘ಅದಕ್ಕೇ ಅಲ್ವಾ ಬೆಳಗಿನ ಜಾವ ಮೀನೆಲ್ಲ ಮೇಲಕ್ಕೆ ಬಂದು ಬಾಯಿ ಬಾಯಿ ಬಿಡೋದು’ ಅಂದುಬಿಟ್ಟ. ನಾವು ಎರಡು ತಿಂಗಳು ಟೈಟ್ರೇಷನ್ ಮಾಡಿ ಗೊತ್ತುಮಾಡಿಕೊಳ್ಳಬೇಕಾದ್ದು ಅವನಿಗೆ ಬಾಯಿಪಾಠ.

ಅಕ್ಟೋಬರ್‌ನಲ್ಲಿ ದಸರಾ ರಜೆಯ ಒಂದು ದಿನ ಬೆಳಗ್ಗೆ 6, 10, ಮಧ್ಯಾಹ್ನ 2, ಸಂಜೆ 6, ನಾಲ್ಕು ಸಲ ಅದೇ ಜಾಗದಲ್ಲಿ ನೀರು ತೆಗೆದೆವು. ಬೆಳಗ್ಗೆ 1.8 ಇದ್ದದ್ದು ಮಧ್ಯಾಹ್ನ ಎರಡಕ್ಕೆ 10.6. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಇಲ್ಲಿ ಗಾಳಿಯ ಒತ್ತಡ ಕಮ್ಮಿ. ಸಮುದ್ರ ಮಟ್ಟದಲ್ಲಿ 25 ಡಿಗ್ರಿಯ ನೀರು ಲೀಟರ್‌ಗೆ ಸುಮಾರು 8.3 ಮಿಲಿಗ್ರಾಂ ಆಮ್ಲಜನಕ ಹಿಡಿದರೆ ಇಲ್ಲಿ ಸುಮಾರು 7.4 ಅಷ್ಟೇ. ಅಂದರೆ 10.6 ಅನ್ನುವುದು ಹಿಡಿಯಬೇಕಾದ್ದಕ್ಕಿಂತ ಎಷ್ಟೋ ಜಾಸ್ತಿ. ಖುಷಿ ಪಡುವ ವಿಷಯ ಅಲ್ಲ ಅದು. ಪಾಚಿ ವಿಪರೀತ ಆಗಿದೆ ಅಂತ ಅರ್ಥ. ಬೆಳಗಿನ ನಂಬರ್ ನೋಡಿ ಅತ್ತಿದ್ದೆವು, ಮಧ್ಯಾಹ್ನದ್ದು ನೋಡಿ ಕುಣಿದಾಡಿದೆವು, ಎರಡೂ ಒಂದೇ ಕಾಯಿಲೆಯ ಎರಡು ಲಕ್ಷಣ ಅಂತ ಮೇಡಂ ಹೇಳಿದ ಮೇಲೆ ಸುಮ್ಮನಾದೆವು. ಅವತ್ತೇ ಇನ್ನೊಂದು ಎಡವಟ್ಟು: ನೈಟ್ರೇಟ್‌ಗೆ ಅಂತ ತೆಗೆದ ಬಾಟಲಿಗಳ ಮೇಲಿನ ಮಾರ್ಕರ್ ಬರಹ ಒದ್ದೆ ಕೈಗೆ ಅಳಿಸಿ ಹೋಗಿ ಮೂರನೇ ಬಾಟಲಿ ಯಾವ ಜಾಗದ್ದು ಅಂತ ಗೊತ್ತಾಗಲಿಲ್ಲ. ಚೆಲ್ಲಿಬಿಟ್ಟೆವು. ಪೆನ್ಸಿಲ್‌ನಲ್ಲಿ ಬರೆದು ಸೆಲ್ಲೋಟೇಪ್ ಹಾಕಿ, ಪೆನ್ಸಿಲ್ ನೀರಿಗೆ ಹೋಗಲ್ಲ.

ಮಧ್ಯದಲ್ಲಿ ಒಂದು ಚೆಂದದ ಕೆಲಸ ನಡೆಯಿತು. ಅದು ಪ್ಲಾನಿನಲ್ಲಿ ಇರಲಿಲ್ಲ. ನಿಮ್ಮ ಅಜ್ಜ ಅಜ್ಜಿ ಕೆರೆಯನ್ನು ಹೇಗೆ ಬಳಸುತ್ತಿದ್ದರು ಅಂತ ಎರಡೂ ಕಡೆ ಕೇಳಿಕೊಂಡು ಬರೋಣ ಅಂತ ಮಾತಾಯಿತು. ನಾನು ತಾತನನ್ನು ಕೂರಿಸಿ ರೆಕಾರ್ಡ್ ಮಾಡಿದೆ. ಕೆರೆ ಕೆಳಗೆ ಭತ್ತ ಬೆಳೆಯುತ್ತಿದ್ದದ್ದು, ತೂಬು ಎತ್ತಿ ಸರದಿ ಮೇಲೆ ನೀರು ಬಿಡುತ್ತಿದ್ದದ್ದು, ಚೌಳುಮಣ್ಣಿನಲ್ಲಿ ಬಟ್ಟೆ ಒಗೆಯುತ್ತಿದ್ದದ್ದು, ಒಳ್ಳೆ ಮಳೆ ಬಂದ ವರ್ಷ ಕೋಡಿ ಬಿತ್ತು ಅಂದರೆ ಊರಿಗೆ ಊರೇ ನೋಡಲು ಹೋಗುತ್ತಿದ್ದದ್ದು. ಇದನ್ನೆಲ್ಲ ಇಂಗ್ಲಿಷ್‌ಗೆ ಹಾಕುವಾಗ ‘ಕೋಡಿ ಬಿತ್ತು’ ಅನ್ನುವುದನ್ನು ನಾನು ಪದಕ್ಕೆ ಪದ ಇಟ್ಟು, ಕೆರೆಯ ಗೋಡೆ ಬಿದ್ದುಹೋಯಿತು, ಎಲ್ಲರೂ ಸಂತೋಷದಿಂದ ನೋಡಲು ಹೋದರು ಅನ್ನುವ ಹಾಗೆ ಬರೆದುಬಿಟ್ಟಿದ್ದೆ. ಶನಿವಾರದ ಕಾಲ್‌ನಲ್ಲಿ ಅವರೆಲ್ಲರ ಮುಖ ಗಂಭೀರ. ಒಬ್ಬ ಹುಡುಗ ತುಂಬಾ ಸಂಕೋಚದಿಂದ ಕೇಳಿದ, ಎಷ್ಟು ಜನ ಸತ್ತರು ಅಂತ! ಕೆರೆ ತುಂಬಿ ಹೆಚ್ಚಿನ ನೀರು ಹರಿದು ಮುಂದಿನ ಕೆರೆಗೆ ಹೋಗುವುದಕ್ಕೆ ಹಾಗೆ ಅನ್ನುತ್ತೇವೆ, ಜಕ್ಕೂರಿನದು ರಾಚೇನಹಳ್ಳಿ ಕೆರೆಗೆ ಹೋಗುತ್ತದೆ, ಯಾರೂ ಸತ್ತಿಲ್ಲ ಅಂತ ಬಿಡಿಸಿ ಹೇಳುವಷ್ಟರಲ್ಲಿ ಸಾಕಾಯಿತು. ಕೊನೆಗೆ ವರದಿಯಲ್ಲಿ ‘ಕೋಡಿ’ ಅಂತಲೇ ಇಟ್ಟೆವು, ‘ಯೋಶಿ’ ಪಕ್ಕದಲ್ಲಿ. ತಾತನಿಗೆ ಈ ಕಥೆ ಹೇಳಿದ್ದಕ್ಕೆ ಒಂದು ವಾರ ನಕ್ಕರು.

ಆ ಕಡೆಯಿಂದ ಬಂದದ್ದು ಸಾಬೂನಿನ ಕಥೆ. 1977ರಲ್ಲಿ ಬಿವಾ ಸರೋವರ ಪಾಚಿಯಿಂದ ಕೆಂಪಗಾಯಿತಂತೆ. ಬಟ್ಟೆ ಒಗೆಯುವ ಪುಡಿಯಲ್ಲಿದ್ದ ರಂಜಕ, ಅಂದರೆ ಫಾಸ್ಫರಸ್, ಪಾಚಿಗೆ ಗೊಬ್ಬರವಾಗುತ್ತಿತ್ತು. ಅಲ್ಲಿನ ಹೆಂಗಸರು ಆ ಪುಡಿ ಬಿಟ್ಟು, ಕರಿದು ಉಳಿದ ಎಣ್ಣೆ ಒಟ್ಟುಮಾಡಿ ಅದರಿಂದ ಸಾಬೂನು ಮಾಡಿಸಿ ಬಳಸತೊಡಗಿದರು. 1979ರಲ್ಲಿ ಪ್ರಾಂತ್ಯದ ಸರ್ಕಾರ ರಂಜಕ ಇರುವ ಡಿಟರ್ಜೆಂಟ್ ಮಾರುವುದನ್ನೂ ಬಳಸುವುದನ್ನೂ ತಡೆಯುವ ಕಾನೂನು ತಂದಿತು. ಆ ತಂಡದ ಒಬ್ಬ ಹುಡುಗಿಯ ಅಜ್ಜಿ ಆಗ ಮನೆ ಮನೆಗೆ ಹೋಗಿ ಎಣ್ಣೆ ಕೇಳಿ ತಂದವರು. ಇದಲ್ಲದೆ ಶಿಗಾದ ಐದನೇ ಕ್ಲಾಸಿನ ಮಕ್ಕಳನ್ನು ಒಂದು ಹಡಗಿನಲ್ಲಿ ಸರೋವರಕ್ಕೆ ಕರೆದುಕೊಂಡು ಹೋಗಿ ಪಾಠ ಮಾಡುತ್ತಾರೆ, 1983ರಿಂದ ನಡೆದಿದೆ. ನಮ್ಮ ಜೊತೆ ಮಾತಾಡುತ್ತಿದ್ದ ಐವರೂ ಆ ಹಡಗಿನಲ್ಲಿ ಹೋಗಿ ಬಂದವರೇ. ನನಗೆ ಹೊಟ್ಟೆ ಉರಿಯಿತು, ಸುಳ್ಳು ಹೇಳಲ್ಲ. ಅವರಿಗೆ ಬೆಂಗಳೂರಿನ ಕೆರೆ ಅಂದರೆ ಗೊತ್ತಿದ್ದದ್ದು ಬೆಳ್ಳಂದೂರು ಮಾತ್ರ. ರಸ್ತೆಗೆ ಹಾರುವ ನೊರೆ, 2017ರ ಫೆಬ್ರವರಿಯಲ್ಲಿ ಮತ್ತೆ 2018ರ ಜನವರಿಯಲ್ಲಿ ಹೊತ್ತಿಕೊಂಡ ಬೆಂಕಿ, ಇವುಗಳ ವಿಡಿಯೊ ಎಲ್ಲರೂ ನೋಡಿದ್ದರು.

ಆ ವಿಡಿಯೊ ಅವರ ತಲೆಯಲ್ಲೂ ಇತ್ತು, ನಮ್ಮ ತಲೆಯಲ್ಲೂ ಇತ್ತು. ಮುಂದಿನದಕ್ಕೆ ಅದೇ ಕಾರಣ ಅಂತ ನನಗೆ ಅನ್ನಿಸುತ್ತದೆ.

ನೈಟ್ರೇಟ್ ಅಳೆಯಲು ನಾವು ಬಳಸಿದ್ದು ಬಣ್ಣದ ಕಾರ್ಡ್ ಇರುವ ಕಿಟ್. ನೀರಿಗೆ ಪುಡಿ ಹಾಕಿ ಕುಲುಕಿದರೆ ಗುಲಾಬಿ ಬಣ್ಣ ಬರುತ್ತದೆ, ಕಾರ್ಡಿನ ಜೊತೆ ಹೋಲಿಸಿ ನಂಬರ್ ಬರೆದುಕೊಳ್ಳಬೇಕು. ಶುದ್ಧೀಕರಿಸಿದ ನೀರು ಬಂದು ಬೀಳುವ ಕಡೆ 45, ಜೊಂಡು ದಾಟಿದ ಮೇಲೆ 25, ಕೋಡಿ ಹತ್ತಿರ 10. ಅವರ ನದಿ ಸರೋವರಕ್ಕೆ ಸೇರುವ ಕಡೆ 1, ಜೆಟ್ಟಿ ಹತ್ತಿರ 0.2. ಎಲ್ಲ ಒಂದೇ ಶೀಟ್‌ನಲ್ಲಿ, ‘ನೈಟ್ರೇಟ್, ಮಿಲಿಗ್ರಾಂ ಪ್ರತಿ ಲೀಟರ್’ ಅನ್ನುವ ಒಂದೇ ಕಾಲಂ ಕೆಳಗೆ. ನವೆಂಬರ್‌ನ ಮಧ್ಯಂತರ ಪ್ರೆಸೆಂಟೇಷನ್‌ಗೆ ಗ್ರಾಫ್ ಹಾಕಿದರೆ ನಮ್ಮ ಕಂಬ ಸ್ಲೈಡಿನ ಮೇಲಂಚು ಮುಟ್ಟುತ್ತಿತ್ತು, ಅವರದ್ದು ನೆಲಕ್ಕೆ ಅಂಟಿದ ಗೆರೆ. ನಲವತ್ತೈದು ಪಟ್ಟು! ನಾವು ಅದಕ್ಕೆ ತಕ್ಕ ಹಾಗೆ ಬೆಳ್ಳಂದೂರಿನ ನೊರೆಯ ಫೋಟೊ ಹಾಕಿ, ನಗರ ಬೆಳೆದ ಕಥೆ ಹೇಳಿ, ತಲೆ ತಗ್ಗಿಸಿಕೊಂಡು ಕ್ಷಮೆ ಕೇಳುವ ಥರ ಮಾತಾಡಿದೆವು. ಅವರು ಪಾಪ, ಇಷ್ಟು ಗಂಭೀರ ಪರಿಸ್ಥಿತಿಯನ್ನು ಪ್ರಾಮಾಣಿಕವಾಗಿ ಹಂಚಿಕೊಂಡದ್ದಕ್ಕೆ ಧನ್ಯವಾದ ಅಂದರು. ಎರಡೂ ಕಡೆ ಸೇರಿ ಒಂಬತ್ತು ಮಕ್ಕಳು, ಟೀಚರ್‌ಗಳು, ಒಬ್ಬರಿಗೂ ಅನುಮಾನ ಬರಲಿಲ್ಲ. ನಮ್ಮ ನಂಬರ್ 45ರ ಬದಲು 1 ಬಂದು ಅವರದ್ದು 45 ಬಂದಿದ್ದರೆ, ಖಂಡಿತ ಅವತ್ತೇ ಕಿಟ್ ತಪ್ಪು ಅಂದುಕೊಂಡು ಮತ್ತೆ ಅಳೆಯುತ್ತಿದ್ದೆವು.

ಡಿಸೆಂಬರ್ ಮೊದಲ ವಾರ ಆ ಕಡೆಯ ಹುಡುಗ, ಎಷ್ಟು ಜನ ಸತ್ತರು ಅಂತ ಕೇಳಿದವನೇ, ಶೀಟ್‌ನಲ್ಲಿ ಒಂದು ಕಾಮೆಂಟ್ ಬಿಟ್ಟಿದ್ದ. ಕುಡಿಯುವ ನೀರಿನಲ್ಲಿ ನೈಟ್ರೇಟ್ ಮಿತಿ ಜಪಾನಿನಲ್ಲಿ 10, ಭಾರತದಲ್ಲಿ 45. ಭಾರತದ ಮಿತಿ ಯಾಕೆ ಇಷ್ಟು ಸಡಿಲ?

ಓದಿ ಮೈ ಉರಿದುಹೋಯಿತು. ನನ್ನ ಗೆಳತಿ ಅಂತೂ ಖಾರವಾದ ಉತ್ತರ ಟೈಪ್ ಮಾಡಿಯೇ ಬಿಟ್ಟಿದ್ದಳು, ಕಳಿಸುವ ಮುಂಚೆ ಮೇಡಂಗೆ ತೋರಿಸೋಣ ಅಂದೆ. ಮೇಡಂ ಓದಿ, ‘ಸಿಟ್ಟು ಆಮೇಲೆ ಮಾಡ್ಕೊಳ್ಳಿ, ಮೊದ್ಲು ಅವನು ಹೇಳಿದ್ದು ನಿಜಾನಾ ನೋಡಿ’ ಅಂದರು. ನೋಡಿದರೆ ನಿಜ. ಕುಡಿಯುವ ನೀರಿಗೆ ನಮ್ಮ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಮಾನದಂಡ, ಐಎಸ್ 10500, ಅದರಲ್ಲಿ 45. ಜಪಾನಿನದು 10. ವಿಶ್ವ ಆರೋಗ್ಯ ಸಂಸ್ಥೆಯದು ಹುಡುಕಿದರೆ ಒಂದು ಕಡೆ 50, ಇನ್ನೊಂದು ಕಡೆ ಸುಮಾರು 11. ಒಂದೇ ಸಂಸ್ಥೆ ಎರಡು ಮಿತಿ ಯಾಕೆ ಇಡುತ್ತೆ? ಅಲ್ಲಿಗೆ ಗೆಳತಿಯ ಸಿಟ್ಟು ಇಳಿದು ಪೆನ್ನು ಕೈಗೆ ಬಂತು. ನೈಟ್ರೋಜನ್ ಪರಮಾಣು ತೂಕ 14. ನೈಟ್ರೇಟ್ ಅಂದರೆ ಒಂದು ನೈಟ್ರೋಜನ್, ಮೂರು ಆಕ್ಸಿಜನ್, ಒಟ್ಟು 62. 62ನ್ನು 14ರಿಂದ ಭಾಗಿಸಿದರೆ 4.43. 45ನ್ನು 4.43ರಿಂದ ಭಾಗಿಸಿದರೆ 10.16.

ಅವರ 10, ನಮ್ಮ 45, ಎರಡೂ ಒಂದೇ ಮಿತಿ! ನಾವು ಇಡೀ ನೈಟ್ರೇಟನ್ನು ತೂಗುತ್ತೇವೆ, ಅವರು ಅದರೊಳಗಿನ ನೈಟ್ರೋಜನ್ ಮಾತ್ರ ತೂಗುತ್ತಾರೆ. ಕಾಯಿ ಸಮೇತ ತೂಕ ಹೇಳುವುದಕ್ಕೂ ಸುಲಿದ ಕಾಳಿನ ತೂಕ ಹೇಳುವುದಕ್ಕೂ ಇರುವ ವ್ಯತ್ಯಾಸ. ಅವರೆಕಾಯಿ ಸುಲಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅವರ ಕಿಟ್‌ನ ಹಾಳೆಯ ಫೋಟೊ ಕಳಿಸಿ ಅಂತ ಬರೆದೆವು, ನಮ್ಮ ಡಬ್ಬಿಯ ಫೋಟೊ ಕಳಿಸಿದೆವು. ಸೋಮವಾರ ಉತ್ತರ ಬಂತು. ಅವರ ಹಾಳೆಯಲ್ಲಿ ಜಪಾನಿ ಅಕ್ಷರಗಳ ನಡುವೆ ‘ನೈಟ್ರೇಟ್ ನೈಟ್ರೋಜನ್’ ಅಂತ ಸ್ಪಷ್ಟವಾಗಿ ಇತ್ತು. ಶೀಟ್‌ಗೆ ಹಾಕುವಾಗ ಕಾಲಂ ಹೆಸರು ಉದ್ದ ಆಯಿತು ಅಂತ ಎರಡನೇ ಪದ ಬಿಟ್ಟಿದ್ದರಂತೆ. ಆ ಹುಡುಗ ಎರಡು ಪ್ಯಾರಾ ಕ್ಷಮೆ ಬರೆದಿದ್ದ. ಗೆಳತಿ ತನ್ನ ಖಾರದ ಡ್ರಾಫ್ಟ್ ಅಳಿಸಿ, ನಿನ್ನ ಪ್ರಶ್ನೆ ಬಾರದಿದ್ದರೆ ನಾವು ತಪ್ಪು ಗ್ರಾಫನ್ನೇ ಹೊತ್ತು ತಿರುಗುತ್ತಿದ್ದೆವು ಅಂತ ಉತ್ತರ ಕಳಿಸಿದಳು.

ಸರಿಪಡಿಸಿದ ಮೇಲೆ ನಮ್ಮ ನಂಬರ್‌ಗಳು 10.2, 5.6, 2.3. ಅವರದ್ದು 1 ಮತ್ತು 0.2. ಈಗಲೂ ಅವರ ನೀರೇ ಚೆನ್ನಾಗಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ನಮ್ಮ ಕೋಡಿಯ ನೀರು ಮತ್ತು ಅವರ ನದಿಯ ನೀರಿನ ನಡುವೆ ಇದ್ದದ್ದು ಎರಡು ಪಟ್ಟಿನ ಚಿಲ್ಲರೆ ಅಂತರ. ಅದಕ್ಕಿಂತ ನಮ್ಮ ಕಣ್ಣಿಗೆ ಬೀಳದೆ ಹೋಗಿದ್ದದ್ದು ಇನ್ನೊಂದು. ಒಳಗೆ ಬರುವಾಗ 10.2 ಇದ್ದದ್ದು ಕೋಡಿಗೆ ಬರುವಷ್ಟರಲ್ಲಿ 2.3, ಮುಕ್ಕಾಲು ಪಾಲಿಗಿಂತ ಜಾಸ್ತಿ ಇಳಿದಿತ್ತು. ಅಷ್ಟು ದಿನ ನಾವು ಅವರ ಕಂಬ, ನಮ್ಮ ಕಂಬ ಅಂತ ಅಳೆದಿದ್ದೇ ಆಯಿತು, ನಮ್ಮದೇ ಮೂರು ಕಂಬಗಳನ್ನು ಅಕ್ಕಪಕ್ಕ ಇಟ್ಟು ನೋಡಿರಲಿಲ್ಲ. ಪ್ರಾಜೆಕ್ಟ್‌ನ ಪ್ರಶ್ನೆಯೇ ಅದಾಗಿತ್ತು! ಇದೆಲ್ಲ ಜೊಂಡಿನದೇ ಪುಣ್ಯ ಅಂತ ಹೇಳಲು ನಮ್ಮ ಹತ್ತಿರ ಆಧಾರ ಇರಲಿಲ್ಲ. ಕೆಸರಿನ ಬ್ಯಾಕ್ಟೀರಿಯಾ ನೈಟ್ರೇಟನ್ನು ನೈಟ್ರೋಜನ್ ಅನಿಲ ಮಾಡಿ ಗಾಳಿಗೆ ಬಿಡುವುದು, ಪಾಚಿ ಅದನ್ನು ತಿನ್ನುವುದು, ಮಳೆ ನೀರು ಬೆರೆತು ತೆಳುವಾಗುವುದು, ಎಲ್ಲವೂ ಸೇರಿರುತ್ತದೆ. ಮೇಲಾಗಿ ಕಾರ್ಡಿನಲ್ಲಿ 10, 25, 45 ಅಂತ ಮೆಟ್ಟಿಲು ಮೆಟ್ಟಿಲಾಗಿ ಬಣ್ಣ ಇರುತ್ತದೆ, ನಡುವಿನದನ್ನು ಕಣ್ಣಂದಾಜಿನಲ್ಲಿ ಹೇಳಬೇಕು. ಇದನ್ನೆಲ್ಲ ಹಾಗೇ ಬರೆದೆವು.

ಜನವರಿಯಲ್ಲಿ ಕೊನೆಯ ಪ್ರೆಸೆಂಟೇಷನ್, ಬೇರೆ ದೇಶಗಳ ತಂಡಗಳೂ ಇದ್ದವು. ಹತ್ತು ನಿಮಿಷ ಮಾತು, ಐದು ನಿಮಿಷ ಪ್ರಶ್ನೆ. ಅವತ್ತು ನಮ್ಮ ಲ್ಯಾಬಿನಲ್ಲಿ ಸರಿಯಾಗಿ ಮೂರನೇ ಸ್ಲೈಡಿಗೆ ಕರೆಂಟ್ ಹೋಯಿತು, ವೈಫೈ ಸತ್ತಿತು, ಲ್ಯಾಬ್ ಸರ್ ಮೊಬೈಲ್ ಹಾಟ್‌ಸ್ಪಾಟ್ ಆನ್ ಮಾಡಿಕೊಡುವಷ್ಟರಲ್ಲಿ ಒಂದು ನಿಮಿಷ. ಅಷ್ಟರಲ್ಲಿ ಆ ಮಾತು ಕಮ್ಮಿ ಹುಡುಗಿ ನಮ್ಮ ಸ್ಲೈಡನ್ನು ತಾನೇ ಓದುತ್ತಿದ್ದಳು. ನಾವು ವಾಪಸ್ ಬಂದಾಗ ‘ಕೋಡಿ’ ಅನ್ನುವ ಪದವನ್ನು ಎಷ್ಟು ಚೆನ್ನಾಗಿ ಹೇಳುತ್ತಿದ್ದಳು ಅಂದರೆ, ನಮ್ಮ ಕಾಲೇಜಿನ ಅರ್ಧ ಜನಕ್ಕೆ ಅದು ಬರಲ್ಲ. ಪ್ರಶ್ನೆ ಬಂದದ್ದು ಎಷ್ಟು ಸಲ ಅಳೆದಿರಿ ಅಂತ. ಎಲ್ಲಾ ಕಡೆ ಮೂರು ಸಲ, ದಸರಾ ರಜೆಯ ಆ ಒಂದು ದಿನ ಒಂದು ಜಾಗದಲ್ಲಿ ಎರಡೇ ಸಲ, ಮೂರನೇ ಬಾಟಲಿಯ ಹೆಸರು ಅಳಿಸಿಹೋಯಿತು ಅಂತ ಇದ್ದದ್ದು ಇದ್ದ ಹಾಗೆ ಹೇಳಿದೆ. ಇಂಗ್ಲಿಷ್‌ನಲ್ಲಿ, ರಫ್ ಬುಕ್ ನೋಡದೆ.

ಬಹುಮಾನ ಬರಲಿಲ್ಲ. ಸರ್ಟಿಫಿಕೇಟ್ ಬಂತು, ಪಿಡಿಎಫ್. ಖರ್ಚು ಬಾಟಲಿ, ಕಿಟ್, ಆಟೊ ಎಲ್ಲ ಸೇರಿ ₹3,000 ಒಳಗೆ, ಕೆಮಿಕಲ್ಸ್ ಕಾಲೇಜಿನದ್ದೇ. ಟಿಡಿಎಸ್ ಮೀಟರ್ ದುಡ್ಡು ದಂಡ. ಅವರ ಮೀಟರ್ ಬೇರೆಯೇ ಯೂನಿಟ್ ತೋರಿಸುತ್ತಿತ್ತು, ಮತ್ತೊಂದು ರಾಮಾಯಣ ಬೇಡ ಅಂತ ಆ ಡೇಟಾ ಬಳಸಲೇ ಇಲ್ಲ.

ತಾತನಿಗೆ ವರದಿಯನ್ನು ಕನ್ನಡದಲ್ಲಿ ಓದಿ ಹೇಳಿದೆ. ಕೋಡಿಯಲ್ಲಿ 2.3, ಮಿತಿ 10 ಅಂದದ್ದಕ್ಕೆ, ‘ಹಾಗಾದ್ರೆ ಕುಡೀಬಹುದು’ ಅಂದರು. ಇಲ್ಲ ತಾತ, ನಾವು ನೋಡಿದ್ದು ನೈಟ್ರೇಟ್ ಒಂದೇ, ರೋಗಾಣು ನೋಡಿಲ್ಲ ಅಂದೆ. ‘ಇಷ್ಟ್ ದಿನ ಏನ್ ನೋಡಿದ್ರಿ ಮತ್ತೆ?’ ಅಂದರು.

ನವೆಂಬರ್‌ನ ಆ ತಪ್ಪು ಗ್ರಾಫ್ ಇರುವ ರೆಕಾರ್ಡಿಂಗ್ ಇನ್ನೂ ಇಬ್ಬರೂ ಹಂಚಿಕೊಂಡ ಫೋಲ್ಡರ್‌ನಲ್ಲಿ ಇದೆ. ತೆಗೆದುಹಾಕೋಣ ಅಂತ ಕೇಳಿದ್ದೆವು. ಆ ಕಡೆಯ ಟೀಚರ್ ಬೇಡ, ಸರಿಯಾದ ಗ್ರಾಫನ್ನು ಅದರ ಪಕ್ಕದಲ್ಲೇ ಇಡಿ ಅಂದರು. ಜೂನಿಯರ್‌ಗಳಿಗೆ ಮೊದಲು ಅದನ್ನೇ ತೋರಿಸುತ್ತಾರಂತೆ, ನಮ್ಮ ತಗ್ಗಿದ ತಲೆಗಳ ಸಮೇತ. ಮುಂದಿನ ಶನಿವಾರ ಅವರ ಮೊದಲ ಕಾಲ್. 12.30ಕ್ಕೆ, 1 ಗಂಟೆಗೆ ಅಲ್ಲ. ಬಾಟಲಿಗಳ ಡಬ್ಬ ಲ್ಯಾಬಿನಲ್ಲಿದೆ. ಸೆಕ್ಕಿ ತಟ್ಟೆ ನನ್ನ ಹತ್ತಿರವೇ ಇದೆ, ಬಂದು ತಗೊಂಡು ಹೋಗಿ, ಆದರೆ ಮನೆಗೆ ಬರಬೇಡಿ. ಅಮ್ಮ ಇನ್ನೂ ಆ ತಟ್ಟೆ ಹುಡುಕುತ್ತಿದ್ದಾಳೆ.